ಕಾಶೀಪುರದ ಶುಶ್ರೂಷಕರು

1886ನೆಯ ಜನವರಿ 1ರ ಅಪರಾಹ್ನ ಶ್ರೀರಾಮಕೃಷ್ಣ ಪರಮಹಂಸರು ಕಲ್ಕತ್ತೆಯ ಸಮೀಪದ ಕಾಶೀಪುರದ ತೋಟದಲ್ಲಿ ಗೃಹಸ್ಥ ಭಕ್ತರನ್ನು ಮುಟ್ಟಿ ಹರಸಿದ ಪ್ರಸಂಗವು ‘ಕಲ್ಪತರು ದಿನ’ವೆಂದು ಪ್ರಸಿದ್ಧವಾಗಿದೆ. ಅವರ ಹಾಸಿಗೆಯ ಬಳಿಯಲ್ಲಿ ಸದಾ ಇರುತ್ತಿದ್ದ ತರುಣರು ಆ ಹೊತ್ತಿನಲ್ಲಿ ಎಲ್ಲಿದ್ದರೆಂದು ಕೇಳುವವರು ಕಡಮೆ. ರಾತ್ರಿಯೆಲ್ಲ ಎಚ್ಚರವಿದ್ದವರು ನಿದ್ರಿಸುತ್ತಿದ್ದರು. ಲಾಟು, ಶರತ್ ಎಂಬಿಬ್ಬರು, ಗುರುಗಳು ಕೆಳಗಿಳಿದುದೇ ಸಮಯವೆಂದು ಅವರ ಹಾಸಿಗೆಯನ್ನು ಬಿಸಿಲಿಗೆ ಹಾಕಿ ಕೋಣೆಯನ್ನು ಶುಚಿಮಾಡುತ್ತಿದ್ದರು. ಕೆಳಗಿನಿಂದ ಕರೆ ಬಂದರೂ ಕೆಲಸವನ್ನು ಅರ್ಧಕ್ಕೆ ಬಿಟ್ಟು ಹೋಗಲಿಲ್ಲ. ಈ ಶರತ್ತನೇ ಮುಂದೆ ಸ್ವಾಮಿ ಶಾರದಾನಂದರಾಗಿ ‘ಲೀಲಾಪ್ರಸಂಗ’ವನ್ನು ಬರೆದವರು.

ಪರಮಹಂಸರಿಗೆ ಗಂಟಲ ನೋವು ಕಾಣಿಸಿಕೊಂಡುದು 1885ರಲ್ಲಿ. ಅದು ಅರ್ಬುದ, ಎಂದರೆ ಕ್ಯಾನ್ಸರ್ ಎಂದು ವೈದ್ಯರು ನಿರ್ಣಯಿಸಿದರು. ಚಿಕಿತ್ಸೆಗಾಗಿ ಅವರನ್ನು ದಕ್ಷಿಣೇಶ್ವರದಿಂದ ಶ್ಯಾಮಪುಕುರದ ಮನೆಗೂ, ಡಿಸೆಂಬರ್ 11ರಂದು ಕಾಶೀಪುರಕ್ಕೂ ಕರೆತರಲಾಯಿತು. ಮಾತು ಕಡಮೆ ಮಾಡಬೇಕೆಂದು ಡಾಕ್ಟರ್ ಮಹೇಂದ್ರಲಾಲ ಸರ್ಕಾರರು ವಿಧಿಸಿದರು. ಆದರೆ ಸ್ವತಃ ಅವರೇ ಬಂದು ಗಂಟೆಗಟ್ಟಲೆ ರೋಗಿಯೊಡನೆ ಮಾತಿಗೆ ಕುಳಿತುಬಿಡುತ್ತಿದ್ದರು!

ಈ ತಿಂಗಳುಗಳ ಚರಿತ್ರೆಯಲ್ಲಿ ಶಾರದಾದೇವಿಯವರ ಪಾಲು ಹೆಚ್ಚಾಗಿ ಮರೆಯಲ್ಲಿಯೇ ಉಳಿದಿದೆ. ಶ್ಯಾಮಪುಕುರದಲ್ಲಿ ಹೆಂಗಸರಿಗೆಂದು ಬೇರೆ ಅನುಕೂಲವಿರಲಿಲ್ಲ. ಎಲ್ಲರೂ ಏಳುವ ಮುನ್ನವೇ ಸ್ನಾನ ಮುಗಿಸಿ, ಮಾಳಿಗೆಯ ಬಳಿಯ ಕಿರಿದಾದ ಜಾಗವನ್ನು ಸೇರಿ, ಪಥ್ಯದ ಅಡುಗೆ ಮಾಡುತ್ತ ದಿನ ಕಳೆದು, ಎಲ್ಲರೂ ಮಲಗಿದ ಮೇಲೆ ಕೆಳಗಿಳಿಯುತ್ತಿದ್ದರು. ಕಾಶೀಪುರದಲ್ಲಿ ಒಮ್ಮೆ ಹಾಲಿನ ಪಾತ್ರೆ ಹಿಡಿದು ಮೆಟ್ಟಿಲೇರುವಾಗ ಬಿದ್ದು ಕಾಲುಳುಕಿತು. ಕೆಲವು ದಿನ ಪತಿಗೆ ಉಣಿಸುವ ಕೆಲಸವೇ ಇತರರ ಪಾಲಿಗೆ ಹೋಯಿತು. ಕೊನೆಗೆ ಅವರು ತಾರಕೇಶ್ವರದ ಶಿವಸನ್ನಿಧಿಯಲ್ಲಿ ಪತಿಯ ಆರೋಗ್ಯಕ್ಕಾಗಿ ಅನ್ನನೀರು ಬಿಟ್ಟು ಮಲಗಿದರು. ಅಲ್ಲಿ ಅವರಿಗೆ ದೊರೆತುದು ಆರೋಗ್ಯದ ವರವಲ್ಲ, ವೈರಾಗ್ಯ. ಬೇಡಿದುದು ಕೈಗೂಡಲಿಲ್ಲ, ಆದರೂ ಹಿಂದಿರುಗಿ ಮತ್ತೆ ಅದೇ ಒಲೆಯ ಮುಂದೆ ಕುಳಿತರು. ತಪಸ್ಸೆಂಬ ಮಾತು ಇದಕ್ಕೂ ಸಲ್ಲತಕ್ಕದ್ದು.

ತರುಣರ ಕಷ್ಟ ಬೇರೆ ಬಗೆಯದು. ನರೇಂದ್ರನಿಗೆ 1884ರಲ್ಲಿ ತಂದೆ ತೀರಿಕೊಂಡು ಮನೆಯಲ್ಲಿ ಬಡತನವೂ ವ್ಯಾಜ್ಯವೂ ಇದ್ದವು. ಮೇಲೆ ಕಾನೂನು ಪರೀಕ್ಷೆ. ವೆಚ್ಚ ಹೆಚ್ಚಿತೆಂದು ಗೃಹಸ್ಥರಲ್ಲಿ ಕೆಲವರು ಗೊಣಗಿದಾಗ ಸೇವಕರ ಮನಸ್ಸು ನೊಂದಿತು. ರೋಗ ಅಂಟೀತೆಂಬ ಭಯವೂ ಸುಳಿಯಿತು. ಗುರುಗಳು ಕುಡಿದುಳಿಸಿದ ಗಂಜಿಯನ್ನು ನರೇಂದ್ರನು ಎಲ್ಲರೆದುರು ಕುಡಿದು ಆ ಭಯವನ್ನು ಬಿಡಿಸಿದನೆಂದು ಚರಿತ್ರಕಾರರು ಹೇಳುತ್ತಾರೆ. ಸರದಿಯ ನಡುವಣ ಬಿಡುವಿನಲ್ಲಿ ಧ್ಯಾನ, ಹಾಡು, ಶಾಸ್ತ್ರಚರ್ಚೆ ನಡೆಯುತ್ತಿದ್ದವು. ಇವಿಲ್ಲದೆ ಆ ಹುಡುಗರು ಎಂಟು ತಿಂಗಳು ತಾಳುತ್ತಿದ್ದರೆಂದು ನಂಬುವುದು ಕಷ್ಟ.

ಇಂದಿನ ಉಪಶಮನ ಚಿಕಿತ್ಸೆಯು ರೋಗಿಯ ಮನೆಯವರ ಕ್ಷೇಮವನ್ನೂ ತನ್ನ ಹೊಣೆಯೆಂದೇ ಎಣಿಸುತ್ತದೆ. ಕಾಶೀಪುರದಲ್ಲಿ ಆ ಹೊಣೆಯನ್ನು ಹೊತ್ತವರು ರೋಗಿಯೇ. ತಮಗೆ ಗುಟುಕು ನುಂಗಲಾಗದಿದ್ದರೂ ಹುಡುಗರ ಸಾಧನೆಯನ್ನು ವಿಚಾರಿಸಿ, ಕಾಷಾಯ ವಸ್ತ್ರಗಳನ್ನು ಕೊಟ್ಟು, ಅವರೆಲ್ಲರನ್ನೂ ನರೇಂದ್ರನ ಕೈಗೆ ಒಪ್ಪಿಸಿದರು.

1886ರ ಆಗಸ್ಟ್ 16ರಂದು ಪರಮಹಂಸರು ದೇಹಬಿಟ್ಟರು. ಅದೇ ವರ್ಷ ವರಾಹನಗರದ ಹಳೆಯ ಮನೆಯೊಂದರಲ್ಲಿ ಆ ತರುಣರ ಮಠವು ಆರಂಭವಾಯಿತು. ಅಲ್ಲಿ ಶಶಿಯು ಗುರುವಿನ ಪಟಕ್ಕೆ, ಜೀವಂತರಿಗೆ ಮಾಡುವಂತೆಯೇ, ಹೊತ್ತುಹೊತ್ತಿಗೆ ನೀರು, ಆಹಾರ, ಬೀಸಣಿಗೆಗಳ ಸೇವೆಯನ್ನು ಮುಂದುವರಿಸಿದನು. ಆತನೇ 1897ರಲ್ಲಿ ಮದರಾಸಿಗೆ ಬಂದ ಸ್ವಾಮಿ ರಾಮಕೃಷ್ಣಾನಂದರು; ಬೆಂಗಳೂರಿನ ಆಶ್ರಮದ ಆರಂಭಕ್ಕೂ ಅವರ ದುಡಿಮೆಯೇ ಕಾರಣ.