ಬಳ್ಳಾರಿಯ ಪ್ರಯೋಗವೂ ಸಭಾಭೀತಿಯೂ

ಹರಪನಹಳ್ಳಿ ಸೀಮೆಯ ನೀಲಗುಂದವನ್ನು ಇತಿಹಾಸಪ್ರಿಯರು ಬಲ್ಲುದು ಅಲ್ಲಿಯ ಚಾಲುಕ್ಯಶೈಲಿಯ ಭೀಮೇಶ್ವರ ದೇವಾಲಯದಿಂದ. ಆದರೆ 1997ರಲ್ಲಿ ದಾವಣಗೆರೆಗೆ ಸೇರುವ ಮುನ್ನ ಈ ಗ್ರಾಮವು ಯಾವ ಜಿಲ್ಲೆಯ ಅಂಗವಾಗಿದ್ದಿತೋ ಆ ಬಳ್ಳಾರಿಗೆ ಭಾರತದ ಮನೋವೈದ್ಯದ ಚರಿತ್ರೆಯಲ್ಲಿಯೂ ಒಂದು ಸ್ಥಾನವುಂಟು. ಆನೇಕಲ್ ಸೀಮೆಯ ಸಕಲವಾರದಲ್ಲಿ 1975ರಿಂದ ಗಳಿಸಿದ ಅನುಭವದ ಬಲದಿಂದ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 1985ರಲ್ಲಿ ಈ ಜಿಲ್ಲೆಯನ್ನಾರಿಸಿ, ಪ್ರಾಥಮಿಕ ಆರೋಗ್ಯಕೇಂದ್ರಗಳ ವೈದ್ಯರಿಗೂ ಮನೆಮನೆ ತಿರುಗುವ ಕಾರ್ಯಕರ್ತರಿಗೂ ಮನೋರೋಗಗಳನ್ನು ಗುರುತಿಸುವ ಶಿಕ್ಷಣವನ್ನಿತ್ತು, ಕೆಲವೇ ಅತ್ಯಾವಶ್ಯಕ ಔಷಧಗಳನ್ನು ಹಳ್ಳಿಗಳ ಸಮೀಪಕ್ಕೆ ತಂದಿತು; 1996ರಲ್ಲಿ ಕೇಂದ್ರ ಸರ್ಕಾರವು ಇದನ್ನೇ ಮಾದರಿಯಾಗಿಟ್ಟುಕೊಂಡು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಆರಂಭಿಸಿತು.

ಆ ಯೋಜನೆಯ ದೃಷ್ಟಿ ನೆಟ್ಟಿದ್ದುದು, ಯುಕ್ತವಾಗಿಯೇ, ಚಿತ್ತವಿಕಾರ ಅಪಸ್ಮಾರಗಳಂತಹ, ಊರಿಗೆ ಊರೇ ಕಾಣುವ ವ್ಯಾಧಿಗಳ ಮೇಲೆ. ಸಭಾಭೀತಿಯಾದರೋ ಹಾಗೆ ಕಣ್ಣಿಗೆ ಬೀಳದು: ನಾಲ್ಕು ಜನರೆದುರು ತನ್ನ ಹೆಸರು ಹೇಳಬೇಕಾದರೂ ನಾಲಗೆಯೊಣಗಿ, ಮದುವೆಯ ಪಂಕ್ತಿಯಲ್ಲಿ ಕೈ ನಡುಗೀತೆಂದು ಉಣ್ಣದೆಯೇ ಹಿಂದಿರುಗುವ ತರುಣನನ್ನು ಊರವರು ‘ಹುಡುಗ ಭಾಳ ಸಂಭಾವಿತ’ ಎಂದು ಹೊಗಳುವರು. ಹೊಗಳಿಕೆಗೆ ಪಾತ್ರವಾದ ರೋಗವನ್ನು ಯಾವ ಕಾರ್ಯಕರ್ತೆ ತಾನೆ ಪುಸ್ತಕದಲ್ಲಿ ಬರೆದುಕೊಂಡಾಳು! ಅಮೆರಿಕದ ಮನೋವೈದ್ಯರ ರೋಗಸೂಚಿಯಲ್ಲಿಯೂ ಇದಕ್ಕೆ ಪ್ರತ್ಯೇಕ ಸ್ಥಾನ ದೊರೆತುದು 1980ರಲ್ಲಷ್ಟೆ.

ಖಿನ್ನತೆಗೆ ಕೊಡುವ ಗುಳಿಗೆಗಳಿಲ್ಲದೆಯೂ ಇದನ್ನು ವಾಸಿಮಾಡಬಹುದೆಂಬುದಕ್ಕೆ ಇಂದು ಗಟ್ಟಿಯಾದ ಆಧಾರವಿದೆ. 2013ರಲ್ಲಿ, ಚಿಕಿತ್ಸೆಯ ಮಾರ್ಗಸೂಚಿಗಳನ್ನು ರೂಪಿಸುವ ಬ್ರಿಟನ್ನಿನ ನೈಸ್ ಸಂಸ್ಥೆಯು ವಯಸ್ಕರಿಗೆ ಮೊದಲು ಸೂಚಿಸಬೇಕಾದುದು ಗುಳಿಗೆಯಲ್ಲ, ಆಲೋಚನೆ–ವರ್ತನೆಗಳನ್ನು ತಿದ್ದುವ ಚಿಕಿತ್ಸೆಯೆಂದೇ ವಿಧಿಸಿತು. ಭಯಗಳನ್ನು ಕ್ರಮವಾಗಿ ಬರೆದುಕೊಂಡು, ಮೊದಲು ಅಂಗಡಿಯಲ್ಲಿ ಬೇಳೆಯ ಬೆಲೆ ಕೇಳಿ, ತರುವಾಯ ಗ್ರಾಮಸಭೆಯಲ್ಲೊಂದು ಪ್ರಶ್ನೆಯನ್ನೆತ್ತಿ, ನೆಲ ನೋಡುತ್ತ ಮಾತಾಡುವ, ಪ್ರತಿ ವಾಕ್ಯವನ್ನೂ ಮುಂಚೆಯೇ ಉರುಹೊಡೆಯುವ ರಕ್ಷಣೋಪಾಯಗಳನ್ನು ಒಂದೊಂದಾಗಿ ಕೈಬಿಡುವುದೇ ಅದರ ಸಾರ. ಇದಕ್ಕೆ ಬೇಕಾದುದು ಪಳಗಿದ ಚಿಕಿತ್ಸಕನೂ ತಿಂಗಳುಗಟ್ಟಲೆಯ ವ್ಯವಧಾನವೂ. ಬಾಗಿಲ ತನಕ ಸಾಲುಗಟ್ಟಿದ ರೋಗಿಗಳ ನಡುವೆ ಹಳ್ಳಿಯ ವೈದ್ಯನಿಗೆ ಎರಡೂ ದುರ್ಲಭ.

ಬಳ್ಳಾರಿ ಸೀಮೆಯ ದೊಡ್ಡಾಟವೆಂಬ ಬಯಲುನಾಟಕದ ತಾಲೀಮು ಅಂಜುಬುರುಕರನ್ನು ಧೈರ್ಯವಂತರನ್ನಾಗಿಸಿತೆನ್ನುವವರುಂಟು. ಅದನ್ನು ಚಿಕಿತ್ಸೆಯೆನ್ನುವುದು ಅತ್ಯುಕ್ತಿಯೆಂದೇ ನನ್ನೆಣಿಕೆ: ನಿಜವಾಗಿ ಹೆದರುವವನು ತಾಲೀಮಿನ ಮನೆಯ ಹೊಸ್ತಿಲನ್ನೇ ದಾಟನು, ದಾಟಿದವನಿಗೂ ಬಣ್ಣ ಕಿರೀಟಗಳ ಮರೆಯಿದ್ದಿತಲ್ಲದೆ, ಆಡಬೇಕಾದ ಮಾತನ್ನು ಬೇರೊಬ್ಬರು ಬರೆದುಕೊಟ್ಟಿದ್ದರು.

2022ರ ಅಕ್ಟೋಬರಿನಿಂದ 14416 ಎಂಬ ಸಂಖ್ಯೆಗೆ ಕರೆಮಾಡಿದರೆ ಟೆಲಿ–ಮಾನಸ್ ಸೇವೆಯ ಆಪ್ತಸಲಹೆಗಾರರು ಕನ್ನಡದಲ್ಲಿಯೇ ಮಾತಾಡುವರು. ಅಪರಿಚಿತರೊಡನೆ ಮಾತಾಡಲಂಜುವವನು ಅಪರಿಚಿತರೊಡನೆ ಮಾತಾಡಿಯೇ ಚಿಕಿತ್ಸೆಯನ್ನಾರಂಭಿಸಬೇಕಾದ ತೊಡಕು ಅಲ್ಲಿಯೂ ಇದೆ. ಮುಖ ತೋರಿಸಬೇಕಾಗಿಲ್ಲವೆಂಬುದಷ್ಟೇ ವಿಶೇಷ.