ದಮ್ ಹಿಡಿ

ನಿಪ್ಪಾಣಿಯಿಂದ ಅಥಣಿಯ ತನಕ ದಿನಕ್ಕೆ ಎಷ್ಟು ಸಲ ಕಿವಿಗೆ ಬೀಳುತ್ತದೋ ಈ ಮಾತು. ಬಸ್ಸಿನ ಬಾಗಿಲಲ್ಲಿ ನುಗ್ಗುವವನಿಗೆ ಕಂಡಕ್ಟರ್, ಭಕ್ರಿ ಬೇಯುವ ಮೊದಲೇ ತಾಟು ಹಿಡಿದು ಕೂತ ಹುಡುಗನಿಗೆ ಅವ್ವ ಹೇಳುವುದು ಇದನ್ನೇ: ‘ದಮ್ ಹಿಡಿ’. ಪಾರ್ಸಿಯಲ್ಲಿ ದಮ್ ಎಂದರೆ ಉಸಿರು. ಉಸಿರು ಹಿಡಿ, ಅಂದರೆ ತಾಳು. ಮರಾಠಿಯವರು ‘ದಮ್ ಧರ್’ ಅನ್ನುತ್ತಾರೆ, ನಾವು ‘ಹಿಡಿ’ ಅನ್ನುತ್ತೇವೆ. ಗಡಿ ತಂಟೆ ಎಷ್ಟೇ ಇರಲಿ, ಇದೊಂದರಲ್ಲಿ ತಕರಾರಿಲ್ಲ.

ಪದ ಒಂದೇ, ದುಡಿಮೆ ಬಹಳ. ದಿಬ್ಬ ಏರಿದವನಿಗೆ ದಮ್ ಹತ್ತುತ್ತದೆ, ಮುದುಕರಿಗೆ ಅದೇ ಕಾಯಿಲೆ. ನಿಪ್ಪಾಣಿಯ ತಂಬಾಕು ಬೀಡಿಯೊಳಗೆ ಸೇರಿ ದಮ್ ಎಳೆಸಿಕೊಳ್ಳುತ್ತದೆ. ಸಾಲ ಕೊಟ್ಟವನು ಮನೆ ಮುಂದೆ ನಿಂತು ದಮ್ ಕೊಟ್ಟು ಹೋಗುತ್ತಾನೆ. ಬಿರಿಯಾನಿಯದೂ ಇದೇ ದಮ್. ಮುಚ್ಚಳ ತೆಗೆದು ಇಣುಕಿದವನಿಗೆ ಅದು ಒಲಿಯುವುದಿಲ್ಲ.

ಈ ಮಾತಿನ ಪಕ್ಕ ದೇವರು ಬಂದು ನಿಂತಾಗ ಅದರ ತೂಕವೇ ಬೇರೆ. ರಾಯಬಾಗ ತಾಲ್ಲೂಕಿನ ಚಿಂಚಲಿಗೆ ಮಾಘಮಾಸದ ಮಾಯಕ್ಕನ ಜಾತ್ರೆಗೆ ಮಹಾರಾಷ್ಟ್ರದಿಂದಲೂ ಎತ್ತಿನ ಗಾಡಿಗಳು ಬರುತ್ತವೆ. ಬಂದವರಲ್ಲಿ ಹರಕೆ ತೀರಿಸುವವರು ಇರುತ್ತಾರೆ, ಹರಕೆ ಫಲಿಸದವರೂ ಇರುತ್ತಾರೆ. ಮದುವೆಯಾಗಿ ವರ್ಷಗಳಾದರೂ ಮಡಿಲು ತುಂಬದ ಸೊಸೆಯ ಹಣೆಗೆ ಭಂಡಾರ ಹಚ್ಚುತ್ತ ಅತ್ತೆ, ‘ದಮ್ ಹಿಡಿ ಯವ್ವಾ, ಮಾಯಕ್ಕ ಕಣ್ಣ ತೆರಿತಾಳ’ ಅನ್ನುತ್ತಾಳೆ. ಅತ್ತೆಗೂ ಮೊಮ್ಮಗ ಬೇಕು, ಅವಳೂ ಅದೇ ಸಾಲಿನಲ್ಲಿ ನಿಂತವಳು. ಹಾಗಾಗಿ ಆ ಮಾತು ಸೊಸೆಗೆ ಚುಚ್ಚುವುದಿಲ್ಲ. (ಚುಚ್ಚುವ ಅತ್ತೆಯರೂ ಇದ್ದಾರೆ, ಅವರ ಬಾಯಿಗೆ ಈ ಪದ ಬರುವುದೇ ಅಪರೂಪ.)

ಕಬ್ಬಿನವರ ದಮ್ಮು ಇನ್ನೊಂದು ಬಗೆ. ಆಡಸಾಲಿ ಕಬ್ಬು ಹೊಲದಲ್ಲಿ 16ರಿಂದ 18 ತಿಂಗಳು ನಿಲ್ಲುತ್ತದೆ. ಅಷ್ಟರಲ್ಲಿ ಕೃಷ್ಣೆ ಏರಿ ಇಳಿದಿರುತ್ತಾಳೆ. ಆಮೇಲೆ ಕಟಾವಿನ ಗ್ಯಾಂಗಿಗೆ ಕಾಯಬೇಕು. ಗ್ಯಾಂಗು ಬರುವುದು ತಡವಾದಷ್ಟೂ ಕಬ್ಬು ಒಣಗಿ ತೂಕ ಕಳೆದುಕೊಳ್ಳುತ್ತದೆ. ನಿಂತು ನೋಡುವುದೊಂದೇ ಕೆಲಸ. ಮಳೆ, ಹೊಳೆ, ಫಸಲಿನ ವಿಷಯದಲ್ಲಿ ರೈತ ದೇವರ ಮೇಲೆ ಭಾರ ಹಾಕುತ್ತಾನೆ, ಅದರಲ್ಲಿ ಅವನಿಗೆ ನಾಚಿಕೆಯಿಲ್ಲ. ಕಾರ್ಖಾನೆ ಕೊಡಬೇಕಾದ ಬಿಲ್ಲಿನ ವಿಷಯದಲ್ಲಿ ಯಾಕೆ ಹಾಕಬೇಕು? 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಕೊಟ್ಟ 14 ದಿನದೊಳಗೆ ಹಣ ಸಂದಾಯವಾಗಬೇಕು. ಹದಿನೈದನೆಯ ದಿನ ಮೇಜಿನ ಆಚೆ ಕೂತವನು ‘ದಮ್ ಹಿಡೀರಿ ಮಾಲಕ್ರ’ ಅಂದರೆ, ಅದು ಚಿಂಚಲಿಯ ಅತ್ತೆ ಆಡಿದ ಮಾತಲ್ಲ. ಅವನು ಯಾವ ಸಾಲಿನಲ್ಲೂ ನಿಂತಿಲ್ಲ.

ನಿಪ್ಪಾಣಿಯವರಿಗೆ ಈ ವ್ಯತ್ಯಾಸ ಗೊತ್ತು. 1981ರಲ್ಲಿ ತಂಬಾಕು ಬೆಳೆದವರು ನ್ಯಾಯವಾದ ದರಕ್ಕಾಗಿ ಶರದ್ ಜೋಶಿಯವರ ನೇತೃತ್ವದಲ್ಲಿ ಪುಣೆ–ಬೆಂಗಳೂರು ಹೆದ್ದಾರಿಯ ಮೇಲೆ ವಾರಗಟ್ಟಲೆ ಕೂತರು. ಏಪ್ರಿಲ್ 6ರಂದು ಗೋಲಿಬಾರಾಯಿತು, ರೈತರು ಸತ್ತರು. ಆ ಬಿಸಿಲಿನಲ್ಲಿ, ಡಾಂಬರಿನ ಮೇಲೆ ಅಷ್ಟು ದಿನ ಕೂತವರಿಗೆ ದಮ್ ಇರಲಿಲ್ಲ ಅನ್ನಲಾದೀತೆ? ದೇವರ ನಾಮ ಹೇಳುತ್ತಲೇ ಕೂತವರೂ ಅವರಲ್ಲಿ ಇದ್ದಿರಲೇಬೇಕು.

ಚಿಕ್ಕೋಡಿಯವರು ಜಿಲ್ಲೆಗಾಗಿ ಕಾಯುತ್ತಿರುವುದೂ ದಮ್ ಹಿಡಿದೇ. 1997ರಲ್ಲಿ ಬಾಗಲಕೋಟೆ, ಗದಗ, ಹಾವೇರಿಗಳು ಜಿಲ್ಲೆಗಳಾದವು. ಚಿಕ್ಕೋಡಿಯ ಪಾಲಿಗೆ ಪ್ರತಿ ಚುನಾವಣೆಗೂ ಹೊಸ ಭರವಸೆ. ಚಹಾ ಅಂಗಡಿಯ ಕಟ್ಟೆಯಲ್ಲಿ ಯಾರಾದರೂ ‘ದಮ್ ಹಿಡೀರಿ, ಆಕ್ಕೈತಿ’ ಅಂದರೆ ಈಗ ಉಳಿದವರು ನಗುತ್ತಾರೆ, ನಕ್ಕು ಇನ್ನೊಂದು ಚಹಾ ಹೇಳುತ್ತಾರೆ.