ಘಟ್ಟ ಏರಿದ ಜೋಡಿ ಎಂಜಿನ್

ನೀರಮಾನ್ವಿ ಸೀಮೆಯವರಿಗೆ ರೈಲು ಎಂದರೆ ರಾಯಚೂರು. ಮುಂಬೈ ಕಡೆಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ (ಜಿಐಪಿ) ರೈಲ್ವೆಯ ಹಳಿ 1871ರಲ್ಲಿ ಇಲ್ಲಿ ಮದ್ರಾಸ್ ರೈಲ್ವೆಯನ್ನು ಕೂಡಿತು.

ಈ ಹಳಿಯಲ್ಲಿ ರೈಲು ಓಡಿಸಲು ದೊಡ್ಡ ಕಷ್ಟವಿದ್ದದ್ದು ಬಯಲುಸೀಮೆಯಲ್ಲಲ್ಲ, ಘಟ್ಟದಲ್ಲಿ. ಪುಣೆಯ ದಾರಿಯ ಭೋರ್ ಘಾಟಿನಲ್ಲಿ ಪ್ರತಿ 37 ಅಡಿಗೆ ಒಂದಡಿ ಏರು. ನಮ್ಮ ಕ್ಯಾಸಲ್‌ರಾಕ್‌ನಿಂದ ಗೋವಾದ ಕುಳೆಗೆ ಇಳಿಯುವ ಹಾದಿಯೂ ಅಷ್ಟೇ ಕಡಿದು. ಅಲ್ಲಿ ಏರುವಾಗ ಹಿಂದಿನಿಂದ ನೂಕಲು ಹೆಚ್ಚುವರಿ ಎಂಜಿನ್‌ಗಳು ಬೇಕು.

ಎಂಜಿನನ್ನೇ ದೊಡ್ಡದು ಮಾಡಿದರೆ? ಉದ್ದವಾದ ಗಟ್ಟಿ ಚೌಕಟ್ಟು ತಿರುವಿನಲ್ಲಿ ಬಾಗದು, ಭಾರಕ್ಕೆ ಹಳಿ ತಾಳದು. ಇದಕ್ಕೆ ಎಂಜಿನಿಯರ್ ಹರ್ಬರ್ಟ್ ವಿಲಿಯಂ ಗ್ಯಾರೆಟ್ ಕಂಡುಕೊಂಡ ಉಪಾಯ ಸರಳ: ಎರಡು ತುದಿಗೆ ಎರಡು ಚಕ್ರತಂಡ, ನಡುವೆ ತೂಗುಸೇತುವೆಯಂತೆ ಬಾಯ್ಲರ್. ಚಕ್ರತಂಡಗಳು ತಂತಮ್ಮ ಪಾಡಿಗೆ ತಿರುಗುತ್ತವೆ. ಭಾರ ಹಲವು ಗಾಲಿಗಳಿಗೆ ಹಂಚಿಹೋಗುತ್ತದೆ. ಬಾಯ್ಲರ್ ಕೆಳಗೆ ಗಾಲಿಯಿಲ್ಲದ್ದರಿಂದ ಅದನ್ನು ಇನ್ನಷ್ಟು ದಪ್ಪ ಮಾಡಬಹುದು.

ಮ್ಯಾಂಚೆಸ್ಟರಿನ ಬೇಯರ್ ಪೀಕಾಕ್ ಕಂಪನಿ 1909ರಲ್ಲಿ ಇಂಥ ಮೊದಲ ಎಂಜಿನನ್ನು ಟಾಸ್ಮೇನಿಯಾಕ್ಕೆ ಕಟ್ಟಿಕೊಟ್ಟಿತು. 1911ರಲ್ಲಿ ಡಾರ್ಜಿಲಿಂಗ್‌ಗೆ ಒಂದು ಬಂತು. ಭಾರತದಲ್ಲಿ ಇವನ್ನು ದೊಡ್ಡ ಮಟ್ಟದಲ್ಲಿ ಬಳಸಿದ್ದು ಬಂಗಾಳ–ನಾಗಪುರ ರೈಲ್ವೆ. 1925ರಿಂದ ಅದು ಕಲ್ಲಿದ್ದಲು ಮತ್ತು ಅದಿರಿನ ಗಾಡಿಗಳಿಗೆ ಇವನ್ನು ಕಟ್ಟಿತು.

ಭೋರ್ ಘಾಟಿಗೆ ಮಾತ್ರ 1920ರ ದಶಕದ ಕೊನೆಯಲ್ಲಿ ವಿದ್ಯುತ್ ಬಂತು. ಅಲ್ಲಿ ಓಡಿದ ‘ಮೊಸಳೆ’ ಎಂಜಿನ್‌ಗಳೂ ನಡುವೆ ಬಾಗುವಂಥವೇ. ಬಂಗಾಳ–ನಾಗಪುರ ರೈಲ್ವೆಯ ಗ್ಯಾರೆಟ್ ಎಂಜಿನ್ ಒಂದು ಈಗ ದೆಹಲಿಯ ರೈಲು ಸಂಗ್ರಹಾಲಯದಲ್ಲಿ ನಿಂತಿದೆ.